ಚೆಕ್ ಕೈಯಲ್ಲಿದೆ, ಬ್ಯಾಂಕ್ ಖಾತೆ ಇಲ್ಲ

ಕಾಫಿ ಕೊಯ್ಲು ಮುಗಿದು ಲೆಕ್ಕ ಚುಕ್ತಾ ಮಾಡುವ ಹೊತ್ತಿಗೆ ಕೊಡಗಿನ ತೋಟದ ಕಾರ್ಮಿಕರ ಲೈನ್‌ಮನೆಗಳಲ್ಲಿ ಈ ಪ್ರಶ್ನೆ ಏಳುತ್ತದೆ: ರೈಟರ್ (ತೋಟದ ಗುಮಾಸ್ತರು) ಚೆಕ್ ಬರೆದು ಕೊಟ್ಟಿದ್ದಾರೆ, ನನಗೆ ಖಾತೆ ಇಲ್ಲ, ದುಡ್ಡು ಎಲ್ಲಿ ಸಿಗುತ್ತದೆ? ಉತ್ತರ ಚೆಕ್ಕಿನ ಮುಖದ ಮೇಲೇ ಇರುತ್ತದೆ. ಸಿದ್ದಾಪುರಕ್ಕೋ ಗೋಣಿಕೊಪ್ಪಕ್ಕೋ ಬಸ್ ಹತ್ತುವ ಮೊದಲು ಎರಡು ಜಾಗ ನೋಡಿಕೊಳ್ಳಿ. ಒಂದು, ಎಡಗಡೆಯ ಮೇಲಿನ ಮೂಲೆ. ಇನ್ನೊಂದು, ಹೆಸರು ಬರೆದ ಸಾಲಿನ ಬಲತುದಿ.

ಮೂಲೆಯಲ್ಲಿ ಗೆರೆ ಎಳೆದಿಲ್ಲದಿದ್ದರೆ ಅದು ಓಪನ್ ಚೆಕ್. ಖಾತೆ ಇಲ್ಲದವರಿಗೂ ಕೌಂಟರಿನಲ್ಲಿ ನಗದು ಸಿಗುವ ಚೆಕ್ ಇದೊಂದೇ. ಹೆಸರಿನ ಸಾಲಿನ ತುದಿಯಲ್ಲಿ ಅಚ್ಚಾಗಿರುವ ‘ಆರ್ ಬೇರರ್’ ಎಂಬುದನ್ನು ಹೊಡೆದುಹಾಕದೆ ಬಿಟ್ಟಿದ್ದರೆ ಚೆಕ್ ತಂದವರಿಗೆ ಬ್ಯಾಂಕ್ ಹಣ ಕೊಡಬಹುದು. ಅಂದರೆ ದಾರಿಯಲ್ಲಿ ಬಿದ್ದುಹೋದರೆ ಸಿಕ್ಕಿದವರ ಪಾಲಾಗಬಹುದು. ಆ ಮಾತನ್ನು ಹೊಡೆದುಹಾಕಿದ್ದರೆ ಅದು ಆರ್ಡರ್ ಚೆಕ್. ಹೆಸರಿನವರು ತಾವೇ ಎಂದು ಗುರುತು ತೋರಿಸಬೇಕು.

ಹೋಗಬೇಕಾದದ್ದು ಚೆಕ್ಕಿನ ಮೇಲೆ ಅಚ್ಚಾಗಿರುವ ಶಾಖೆಗೇ. ಬೇರೆ ಬ್ಯಾಂಕಿನಲ್ಲಿ ಸಾಹುಕಾರರ, ಅಂದರೆ ತೋಟದ ಮಾಲೀಕರ, ಹಣವೇ ಇಲ್ಲ, ಹಾಗಾಗಿ ಅಲ್ಲಿ ಕೌಂಟರಿನಲ್ಲಿ ಕೊಡುವ ಮಾತೇ ಇಲ್ಲ. ಅದೇ ಬ್ಯಾಂಕಿನ ಇನ್ನೊಂದು ಶಾಖೆಯಲ್ಲಿ ಸಹಿ ಕಂಪ್ಯೂಟರಿನಲ್ಲಿ ಕಾಣುತ್ತದಾದರೂ ಹೊರಗಿನವರಿಗೆ ನಗದು ಕೊಡಲು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆಧಾರ್ ಅಥವಾ ಮತದಾರರ ಗುರುತಿನ ಚೀಟಿಯ ಅಸಲು, ಜೊತೆಗೊಂದು ಜೆರಾಕ್ಸ್ ಇರಲಿ. ಮೊತ್ತ 50,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಖಾತೆ ಇಲ್ಲದವರ ಗುರುತು, ವಿಳಾಸದ ದಾಖಲೆಗಳನ್ನು ಬ್ಯಾಂಕ್ ಪಡೆದೇ ತೀರಬೇಕು.

ಇಲ್ಲಿ ಹಲವರು ಒಂದು ತಪ್ಪು ಮಾಡುತ್ತಾರೆ. ಮನೆಯಲ್ಲೇ ಚೆಕ್ಕಿನ ಹಿಂಬದಿಗೆ ಸಹಿ ಹಾಕಿ ಜೇಬಿಗಿಟ್ಟುಕೊಂಡು ಹೊರಡುತ್ತಾರೆ. ಆರ್ಡರ್ ಚೆಕ್ಕಿನ ಹಿಂದೆ ಬರೀ ಸಹಿ ಬಿದ್ದರೆ ಅದು ಕೈಯಲ್ಲಿ ಹಿಡಿದವರಿಗೆ ಸಲ್ಲುವ ಚೆಕ್ಕಾಗಿಬಿಡುತ್ತದೆ. ಸಹಿಯನ್ನು ಕೌಂಟರಿನ ಮುಂದೆ, ಅವರು ಹೇಳಿದ ಮೇಲೆಯೇ ಹಾಕಿ. ಹೆಬ್ಬೆಟ್ಟು ಒತ್ತುವವರು ಆ ಶಾಖೆಗೆ ಪರಿಚಯವಿರುವ ಒಬ್ಬರನ್ನು, ರೈಟರನ್ನೋ ಮೇಸ್ತ್ರಿಯನ್ನೋ, ಕರೆದುಕೊಂಡು ಹೋದರೆ ಎರಡು ಸಲ ಓಡಾಡುವುದು ತಪ್ಪುತ್ತದೆ. ಇಷ್ಟಾಗಿಯೂ ಬ್ಯಾಂಕ್ ತಕರಾರು ತೆಗೆದರೆ ಜಗಳಕ್ಕೆ ನಿಲ್ಲಬೇಡಿ. ಚೆಕ್ ಪಾವತಿಸುವ ವಿಷಯದಲ್ಲಿ ಕಾನೂನಿನ ಪ್ರಕಾರ ಬ್ಯಾಂಕ್ ಉತ್ತರ ಕೊಡಬೇಕಾದದ್ದು ಚೆಕ್ ಬರೆದವರಿಗೆ. ಅಲ್ಲಿಂದಲೇ ತೋಟಕ್ಕೆ ಫೋನ್ ಮಾಡಿಸಿ, ಸಾಹುಕಾರರು ಮ್ಯಾನೇಜರ್ ಜೊತೆ ಮಾತಾಡಲಿ.

ಇನ್ನು ಮೂಲೆಯಲ್ಲಿ ಎರಡು ಓರೆ ಗೆರೆ ಇದ್ದರೆ ಲೆಕ್ಕವೇ ಬೇರೆ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 126ನೇ ಕಲಂ ಪ್ರಕಾರ ಕ್ರಾಸ್ ಮಾಡಿದ ಚೆಕ್ಕಿನ ಹಣವನ್ನು ಬ್ಯಾಂಕಿನ ಮೂಲಕ ಅಲ್ಲದೆ ಕೊಡುವಂತಿಲ್ಲ. ಗೆರೆಗಳ ನಡುವೆ ‘ಅಕೌಂಟ್ ಪೇಯೀ’ ಎಂದಿದ್ದರೆ ಹೆಸರು ಯಾರದೋ ಅವರ ಖಾತೆಗೇ ಬೀಳಬೇಕು. ಭಾವನ ಖಾತೆಗೆ, ಮೇಸ್ತ್ರಿಯ ಖಾತೆಗೆ, ಅಂಗಡಿಯವರ ಖಾತೆಗೆ ಹಾಕಲು ಬರುವುದಿಲ್ಲ. ರಿಸರ್ವ್ ಬ್ಯಾಂಕ್ ಇದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ‘ಕಮಿಷನ್ ಕೊಡಿ, ನಾನು ಮಾಡಿಸಿಕೊಡುತ್ತೇನೆ’ ಎನ್ನುವವರ ಕೈಗೆ ಇಂಥ ಚೆಕ್ ಕೊಡಲೇಬೇಡಿ. ಅವರಿಗೆ ನೇರ ದಾರಿ ಇಲ್ಲ.

ಸಾಹುಕಾರರು ಹೀಗೇಕೆ ಬರೆಯುತ್ತಾರೆ? ಬೆಳೆದ ಕಾಫಿಯನ್ನು ಕ್ಯೂರ್ ಮಾಡಿಸಿ (ಸಿಪ್ಪೆ ತೆಗೆಸಿ ಹದಗೊಳಿಸಿ) ಮಾರಿದರೆ ಆ ಆದಾಯದ ಶೇಕಡಾ 25ರಷ್ಟಕ್ಕೆ ಆದಾಯ ತೆರಿಗೆ ಬೀಳುತ್ತದೆ. ಅಲ್ಲಿ ಲೆಕ್ಕ ತೋರಿಸುವಾಗ ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದಾಗಿಯೋ ಬೇರರ್ ಚೆಕ್ಕಾಗಿಯೋ ಕೊಟ್ಟದ್ದು ಸಾಮಾನ್ಯವಾಗಿ ಖರ್ಚಿಗೆ ಸಲ್ಲುವುದಿಲ್ಲ. ಆದ್ದರಿಂದ ದೊಡ್ಡ ಮೊತ್ತಕ್ಕೆ ‘ಗೆರೆ ಹೊಡೆದುಹಾಕಿ ಕೊಡಿ’ ಎಂದು ಕೇಳಿ ಫಲವಿಲ್ಲ. 10,000ದೊಳಗಿನ ಬಟವಾಡೆಯಾದರೆ ಧೈರ್ಯವಾಗಿ ಕೇಳಬಹುದು. ಆಗಲೂ ಹಳೆಯ ಹಾಳೆಯಲ್ಲೇ ಗೆರೆ ರದ್ದು ಮಾಡಿ ಸಹಿ ಹಾಕಿಸುವುದಕ್ಕಿಂತ ಹೊಸ ಚೆಕ್ ಬರೆಸಿಕೊಳ್ಳುವುದೇ ಸರಿ, ತಿದ್ದಿದ ಚೆಕ್ ಕಂಡರೆ ಕೌಂಟರಿನವರು ಹಿಂದೇಟು ಹಾಕುತ್ತಾರೆ.

ಅಕೌಂಟ್ ಪೇಯೀ ನಿಯಮಕ್ಕೆ ಒಂದು ವಿನಾಯಿತಿ ಇದೆ, ನಮ್ಮ ಜಿಲ್ಲೆಗೆ ಚೆನ್ನಾಗಿ ಹೊಂದುವಂಥದ್ದು. ಬ್ಯಾಂಕಿನಲ್ಲಿ ಖಾತೆ ಇಲ್ಲದಿದ್ದರೂ ಊರಿನ ಸಹಕಾರ ಸಂಘದಲ್ಲಿ ಉಳಿತಾಯ ಖಾತೆ ಇರುವವರು ಎಷ್ಟೋ ಮಂದಿ. 50,000 ರೂಪಾಯಿವರೆಗಿನ ಅಕೌಂಟ್ ಪೇಯೀ ಚೆಕ್ಕನ್ನು ಪತ್ತಿನ ಸಹಕಾರ ಸಂಘವು ಬ್ಯಾಂಕಿನಲ್ಲಿರುವ ತನ್ನ ಖಾತೆಗೆ ಹಾಕಿಸಿಕೊಂಡು ನಿಮಗೆ ಜಮಾ ಮಾಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಇದು ಬ್ಯಾಂಕುಗಳಿಗೆ ಕೊಟ್ಟ ಅನುಮತಿ, ಕಡ್ಡಾಯವಲ್ಲ. ಹಾಗಾಗಿ ಸಂಘದ ಕಾರ್ಯದರ್ಶಿಯನ್ನು ಮೊದಲೇ ವಿಚಾರಿಸಿ.

ಉಳಿದವರಿಗೆ ದಾರಿ ಖಾತೆ ತೆರೆಯುವುದೇ. ಕಮಿಷನ್ ದಾರಿಗಿಂತ ಇದು ಬೇಗ ಮುಗಿಯುತ್ತದೆ. ಜನಧನ ಅಥವಾ ಬೇಸಿಕ್ ಉಳಿತಾಯ ಖಾತೆಗೆ ಕನಿಷ್ಠ ಮೊತ್ತ ಇಡಬೇಕಿಲ್ಲ. ಆಧಾರ್, ಫೋಟೋ ಬೇಕು. ಪ್ಯಾನ್ ಇಲ್ಲದವರು ಅದಿಲ್ಲವೆಂದು ಘೋಷಿಸುವ ಫಾರಂ ತುಂಬಿಕೊಟ್ಟರೆ ಸಾಕು. ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಕೂಡ ನಡೆಯುತ್ತದೆ. ಅಸ್ಸಾಮಿನಿಂದ ಬಂದ ಕಾರ್ಮಿಕರ ಆಧಾರ್‌ನಲ್ಲಿ ಊರಿನ ವಿಳಾಸವೇ ಇದ್ದರೂ, ಆಧಾರ್ ಮೇಲೆ ಗುರುತು ಖಚಿತಪಡಿಸಿಕೊಳ್ಳುವಾಗ ಈಗಿನ ತೋಟದ ವಿಳಾಸವನ್ನು ಸ್ವಂತ ಘೋಷಣೆಯಲ್ಲಿ ಬರೆದುಕೊಡಬಹುದು. ಖಾತೆಯನ್ನು ಸಾಹುಕಾರರ ಖಾತೆ ಇರುವ ಬ್ಯಾಂಕಿನಲ್ಲೇ ತೆರೆಯಿರಿ. ಆಗ ಚೆಕ್ ಕ್ಲಿಯರಿಂಗ್‌ಗೆ ಹೋಗುವುದಿಲ್ಲ. ಸಹಿ, ಹಣ ಎರಡೂ ಅಲ್ಲೇ ನೋಡಿ ಸಾಮಾನ್ಯವಾಗಿ ಅಂದೇ ಜಮಾ ಮಾಡುತ್ತಾರೆ. ಹಣ್ಣು ಕುಯ್ದು ಬೆರಳ ಗೆರೆ ಸವೆದವರಿಗೆ ಬ್ಯಾಂಕ್ ಮಿತ್ರರ (ಊರಿನಲ್ಲಿ ಬ್ಯಾಂಕಿನ ಕೆಲಸ ಮಾಡಿಕೊಡುವ ಪ್ರತಿನಿಧಿಗಳ) ಯಂತ್ರ ಸ್ಪಂದಿಸದೆ ಇರಬಹುದು. ಕೈ ತೊಳೆದು ಒರೆಸಿ ಬೇರೆ ಬೆರಳು ಇಟ್ಟು ನೋಡಿ, ಆಗದಿದ್ದರೆ ಶಾಖೆಗೇ ಹೋಗಿ ಫಾರಂ ತುಂಬಿ.

ಯಾವ ದಾಖಲೆಯೂ ಇಲ್ಲದವರಿಗೆ, ಮುಖ್ಯವಾಗಿ ಹಾಡಿಯಿಂದ (ಬುಡಕಟ್ಟು ಜನರ ಕೇರಿಯಿಂದ) ಬಂದು ತೋಟದಲ್ಲಿ ದುಡಿಯುವ ಹಿರಿಯರಿಗೆ, ‘ಸ್ಮಾಲ್ ಅಕೌಂಟ್’ ಇದೆ. ಒಂದು ಫೋಟೋ, ಅಧಿಕಾರಿಯ ಎದುರು ಸಹಿ ಅಥವಾ ಹೆಬ್ಬೆಟ್ಟು, ಅಷ್ಟೇ. ಆದರೆ ಮಿತಿಗಳಿವೆ: ಖಾತೆಯಲ್ಲಿ 50,000 ಮೀರಿ ಇರುವಂತಿಲ್ಲ, ತಿಂಗಳಿಗೆ 10,000 ಮೀರಿ ತೆಗೆಯುವಂತಿಲ್ಲ, ವರ್ಷಕ್ಕೆ 1 ಲಕ್ಷ ಮೀರಿ ಜಮಾ ಆಗುವಂತಿಲ್ಲ. 12 ತಿಂಗಳೊಳಗೆ ದಾಖಲೆಗೆ ಅರ್ಜಿ ಹಾಕಿದ್ದನ್ನು ತೋರಿಸಿದರೆ ಇನ್ನೂ 12 ತಿಂಗಳು ಮುಂದುವರಿಯುತ್ತದೆ. 80,000ದ ಗ್ರಾಚ್ಯುಟಿ ಚೆಕ್ಕಿಗೆ ಈ ಖಾತೆ ಸಾಲದು. ಮೊದಲು ಆಧಾರ್ ಮಾಡಿಸಲೇಬೇಕು. ದಾಖಲೆ ಸರಿ ಇದ್ದೂ ಖಾತೆ ತೆರೆಯಲು ಶಾಖೆ ಸತಾಯಿಸಿದರೆ ಲಿಖಿತವಾಗಿ ದೂರು ಕೊಡಿ. 30 ದಿನದಲ್ಲಿ ಪರಿಹಾರವಾಗದಿದ್ದರೆ ರಿಸರ್ವ್ ಬ್ಯಾಂಕಿನ 14448 ಸಂಖ್ಯೆಗೆ ಕರೆ ಮಾಡಿ ವಿಚಾರಿಸಿ.

ರೈಟರುಗಳಿಗೆ ಒಂದು ವಿನಂತಿ. ಚೆಕ್ ಬರೆಯುವಾಗ ಹಾಜರಿ ಪುಸ್ತಕ ನೋಡಬೇಡಿ, ಆಧಾರ್ ನೋಡಿ. ಪುಸ್ತಕದಲ್ಲಿ ‘ಚೋಮ’, ಆಧಾರ್‌ನಲ್ಲಿ ‘ಸೋಮಯ್ಯ’ ಎಂದಿದ್ದರೆ ಚೆಕ್ ವಾಪಸ್ ಬರುತ್ತದೆ, ಒಂದು ದಿನದ ಕೂಲಿ ಬಸ್ಸಿನಲ್ಲೇ ಕಳೆಯುತ್ತದೆ. ವಿಜಯಾ, ಕಾರ್ಪೊರೇಷನ್, ಸಿಂಡಿಕೇಟ್ ಹೆಸರಿನ ಹಳೆಯ ಹಾಳೆ ಉಳಿದಿದ್ದರೆ ಹರಿದುಹಾಕಿ. ವಿಲೀನವಾದ ಆ ಬ್ಯಾಂಕುಗಳ ಚೆಕ್ ಈಗ ನಡೆಯುವುದಿಲ್ಲ.

ಚೆಕ್ಕಿಗೆ ಅದರ ಮೇಲಿನ ತಾರೀಖಿನಿಂದ 3 ತಿಂಗಳಷ್ಟೇ ಆಯುಸ್ಸು. ಫೆಬ್ರವರಿಯಲ್ಲಿ ಬಂದದ್ದನ್ನು ಮಳೆ ಹಿಡಿಯುವವರೆಗೆ ಟ್ರಂಕಿನಲ್ಲಿಟ್ಟರೆ ಅದು ಸತ್ತ ಕಾಗದ. ಪ್ಲಾಸ್ಟಿಕ್ ಕವರಿನಲ್ಲಿಡಿ. ಕೆಳಗಿನ ಬಿಳಿ ಪಟ್ಟಿಯ ಅಂಕಿಗಳ ಮೇಲೆ ಮಡಿಕೆ, ಪಿನ್ನು, ಒದ್ದೆ ತಾಗದಿರಲಿ. ಯಂತ್ರ ಓದುವುದು ಅದನ್ನೇ.

ಖಾತೆಯಲ್ಲಿ ಹಣವಿಲ್ಲವೆಂದು ಚೆಕ್ ಮರಳಿದರೆ ಬಾಯಿಮಾತಿಗೆ ತೃಪ್ತರಾಗಿ ಹಿಂದಿರುಗಬೇಡಿ. ಕೌಂಟರಿನಲ್ಲಿ ಕೊಟ್ಟ ಚೆಕ್ಕಾದರೂ ಕಾರಣ ಬರೆದ ರಿಟರ್ನ್ ಮೆಮೊ ಕೇಳಿ ಪಡೆಯಿರಿ. ಮೆಮೊ ಕೈಸೇರಿದ 30 ದಿನದೊಳಗೆ ಚೆಕ್ ಕೊಟ್ಟವರಿಗೆ ಲಿಖಿತ ನೋಟಿಸ್ ಹೋಗಬೇಕು. ನೋಟಿಸ್ ತಲುಪಿದ 15 ದಿನದಲ್ಲಿ ಹಣ ಬರದಿದ್ದರೆ ಮುಂದಿನ ಒಂದು ತಿಂಗಳೊಳಗೆ ಮೇಲೆ ಹೇಳಿದ 1881ರ ಕಾಯ್ದೆಯ 138ನೇ ಕಲಂ ಅಡಿ ನ್ಯಾಯಾಲಯದಲ್ಲಿ ದೂರು ದಾಖಲಿಸಬಹುದು. ನೋಟಿಸನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ರಸೀದಿ, ಮೆಮೊ, ಚೆಕ್ಕಿನ ಎರಡೂ ಬದಿಯ ಜೆರಾಕ್ಸ್ ಒಂದೇ ಕವರಿನಲ್ಲಿರಲಿ. ವಕೀಲರು ಮೊದಲು ಕೇಳುವುದು ಆ ಮೂರನ್ನೇ.