ಬಿಲ್ಡ್ ಎಂದರೆ ಬಟನ್ ಒತ್ತುವ ಕೆಲಸವಲ್ಲವೇ?

ಪ್ರಶ್ನೆ: ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಓಪನ್ ಸೋರ್ಸ್ ಯೋಜನೆಯೊಂದರಲ್ಲಿ ತೊಡಗಿಕೊಳ್ಳುವ ಆಸೆ. ವಿಚಾರಿಸಿದರೆ ಬಿಲ್ಡ್ ಮತ್ತು ಟೆಸ್ಟಿಂಗ್‌ಗೆ ಜನ ಬೇಕು ಎನ್ನುತ್ತಾರೆ. ಅದು ಬಟನ್ ಒತ್ತಿ ಕಾಯುತ್ತಾ ಕೂರುವ ಕೆಲಸವಲ್ಲವೇ ಸರ್? ನಿಜವಾದ ಕೋಡಿಂಗ್ ಕಲಿಯಲು ಸಿಗುತ್ತದೆಯೇ?

ಉತ್ತರ: ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಕೇಳುವವರ ಊರು ಬೇರೆ, ಕಾಲೇಜು ಬೇರೆ. ‘ನಿಜವಾದ ಕೋಡಿಂಗ್’ ಎಂಬ ಮಾತು ಮಾತ್ರ ಎಲ್ಲ ಪತ್ರಗಳಲ್ಲೂ ತಪ್ಪದೆ ಹಾಜರು. ನಿಮಗೆ ಬೇಕಾದ ಉತ್ತರವನ್ನು ಮೊದಲೇ ಕೊಟ್ಟುಬಿಡುತ್ತೇನೆ: ಕಲಿಯಲು ಸಿಗುತ್ತದೆ, ಧಾರಾಳವಾಗಿ ಸಿಗುತ್ತದೆ, ಸೇರಿಕೊಳ್ಳಿ. ಇನ್ನುಳಿದ ಜಾಗವೆಲ್ಲ ಆ ಬಟನ್‌ಗೆ.

ಸ್ವಯಂಸೇವಕರು ಸೇರಿ ಕಟ್ಟುವ ಡೆಬಿಯನ್ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮನ್ನೇ ನೋಡೋಣ. ಸ್ವಯಂಸೇವಕರೊಬ್ಬರು ಒಂದು ಪ್ಯಾಕೇಜಿನ ಸೋರ್ಸ್, ಅಂದರೆ ಮನುಷ್ಯರು ಬರೆದ ಕೋಡ್, ಕಳುಹಿಸುತ್ತಾರೆ. ಅದನ್ನು ಎತ್ತಿಕೊಂಡು ಬೇರೆ ಬೇರೆ ಪ್ರೊಸೆಸರ್‌ಗಳಿಗೆ ಕಂಪೈಲ್ ಮಾಡುವ, ಅಂದರೆ ಅವು ಓಡಿಸಬಲ್ಲ ಪ್ರೋಗ್ರಾಂ ಆಗಿ ಕಟ್ಟುವ, ಯಂತ್ರಗಳ ಜಾಲವೇ ಇದೆ. ಅವುಗಳನ್ನು ಬಿಲ್ಡ್‌ಡಿ ಎನ್ನುತ್ತಾರೆ. ಇಂಟೆಲ್, ಆರ್ಮ್, ಐಬಿಎಂನ ಮೇನ್‌ಫ್ರೇಮ್ ಎಲ್ಲವೂ ಆ ಪಟ್ಟಿಯಲ್ಲಿವೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಿಂದ ರಿಸ್ಕ್-ವಿ ಕೂಡ ಅಧಿಕೃತವಾಗಿ ಸೇರಿದೆ. ಈ ಜಾಲದಲ್ಲಿ ಬಟನ್ ಒತ್ತುವ ಮನುಷ್ಯರೇ ಇಲ್ಲ, ಅದನ್ನೂ ಯಂತ್ರವೇ ಮಾಡುತ್ತದೆ. ಕಂಪೈಲ್ ಮುರಿದುಬಿದ್ದ ಮೇಲೆ, ಯಂತ್ರ ಬರೆದಿಟ್ಟ ಸಾವಿರಾರು ಸಾಲಿನ ಲಾಗ್‌ನಲ್ಲಿ ಕಾರಣ ಎಲ್ಲಿ ಅಡಗಿದೆ ಎಂದು ಹುಡುಕುವಲ್ಲಿಂದ ಮನುಷ್ಯರ ಕೆಲಸ ಶುರು.

ಎಂಥ ಕಾರಣಗಳು ಎನ್ನುತ್ತೀರಾ? ಸಿ ಭಾಷೆಯ ಚಾರ್ ಎಂಬ ಬಗೆ ಇಂಟೆಲ್ ಲಿನಕ್ಸ್‌ನಲ್ಲಿ ಋಣ ಸಂಖ್ಯೆಗಳನ್ನೂ ಹಿಡಿದಿಡುತ್ತದೆ, ಆರ್ಮ್ ಲಿನಕ್ಸ್‌ನಲ್ಲಿ ಹಿಡಿಯುವುದಿಲ್ಲ. ಕಡತದ ಕೊನೆ ಬಂತೇ ಎಂದು ತಿಳಿಯಲು ಮೈನಸ್ ಒಂದನ್ನು ಎದುರುನೋಡುವ ಲೂಪನ್ನು ಯಾರೋ ಚಾರ್ ನೆಚ್ಚಿಕೊಂಡು ಬರೆದಿದ್ದರೆ, ಆರ್ಮ್‌ನಲ್ಲಿ ಆ ಮೈನಸ್ ಒಂದು ಎಂದಿಗೂ ಬರುವುದಿಲ್ಲ, ಲೂಪ್ ಮುಗಿಯುವುದೂ ಇಲ್ಲ. ಬರೆದವರ ಲ್ಯಾಪ್‌ಟಾಪ್‌ನಲ್ಲಿ ವರ್ಷಗಟ್ಟಲೆ ಚೆನ್ನಾಗಿಯೇ ಓಡಿರುತ್ತದೆ. ಐಬಿಎಂ ಯಂತ್ರದಲ್ಲಿ ಬೈಟ್‌ಗಳ ಕ್ರಮವೇ ತಿರುವುಮುರುವು, ಅಲ್ಲಿ ಬೇರೆಯದೇ ಗೋಳು. ಇದನ್ನೆಲ್ಲ ಪತ್ತೆಹಚ್ಚಿ, ತಿದ್ದಿ, ಮೂಲ ಲೇಖಕರಿಗೆ ಪ್ಯಾಚ್ ಕಳುಹಿಸುವುದು ‘ನಿಜವಾದ ಕೋಡಿಂಗ್’ ಅಲ್ಲವೆಂದಾದರೆ ಯಾವುದು ಎಂದು ದಯವಿಟ್ಟು ನನಗೂ ತಿಳಿಸಿ.

ಆದರೂ ಬಟನ್‌ನ ಮಿಥ್ಯೆ ಸಾಯುವುದಿಲ್ಲ. ಏಕೆಂದರೆ ಅದರ ಬೇರು ಇನ್ನೊಂದು ನಂಬಿಕೆಯಲ್ಲಿದೆ: ಸೋರ್ಸ್ ಕೋಡ್ ಎಲ್ಲರ ಕಣ್ಣ ಮುಂದಿದೆ, ಯಾರು ಬೇಕಾದರೂ ಓದಬಹುದು, ಹಾಗಾಗಿ ಅದನ್ನು ಕಂಪೈಲ್ ಮಾಡುವುದು ಬರೀ ಯಾಂತ್ರಿಕ ವಿಧಿ. ಸೋರ್ಸ್ ಓದಿ ಪ್ರೋಗ್ರಾಂ ನಂಬುವುದೆಂದರೆ ಅಡುಗೆ ಪುಸ್ತಕ ಓದಿ ಹೋಟೆಲಿನ ಸಾಂಬಾರಿಗೆ ಸರ್ಟಿಫಿಕೇಟ್ ಕೊಟ್ಟಂತೆ. ಓದಿದ್ದು ಒಂದು, ನಿಮ್ಮ ಯಂತ್ರದಲ್ಲಿ ಓಡುತ್ತಿರುವುದು ಮತ್ತೊಂದು. ಮೊದಲನೆಯದು ಎರಡನೆಯದಾಗುವ ದಾರಿಯೇ ಬಿಲ್ಡ್. ಆ ದಾರಿಯಲ್ಲಿ ಯಾರೂ ಕಾವಲಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2024ರಲ್ಲಿ ಇಡೀ ಜಗತ್ತು ನೋಡಿದೆ. ಎಕ್ಸ್‌ಝಡ್ ಪ್ರಕರಣ ಗೊತ್ತಿಲ್ಲದೆ ಈ ಕೆಲಸವನ್ನು ಹಗುರವಾಗಿ ಮಾತನಾಡುವವರ ಬಗ್ಗೆ ನನಗೆ ಸ್ವಲ್ಪ ಸಿಟ್ಟಿದೆ.

ಎಕ್ಸ್‌ಝಡ್ ಎನ್ನುವುದು ಕಡತಗಳನ್ನು ಕುಗ್ಗಿಸುವ ಒಂದು ಪುಟ್ಟ ಸಾಧನ. ಅದರ ಲೈಬ್ರರಿ ಹೆಚ್ಚುಕಡಿಮೆ ಎಲ್ಲ ಲಿನಕ್ಸ್‌ಗಳಲ್ಲೂ ಇದೆ. ಜಿಯಾ ಟಾನ್ ಎಂಬ ಹೆಸರಿಟ್ಟುಕೊಂಡ ವ್ಯಕ್ತಿ, ಅಥವಾ ಗುಂಪು, ಎರಡು ವರ್ಷಕ್ಕೂ ಹೆಚ್ಚು ಕಾಲ ಸಭ್ಯವಾಗಿ ಪ್ಯಾಚ್‌ಗಳನ್ನು ಕಳುಹಿಸಿ, ನಂಬಿಕೆ ಗಳಿಸಿ, ಕೊನೆಗೆ ಬಿಡುಗಡೆಯ ಜವಾಬ್ದಾರಿಯನ್ನೂ ಪಡೆದುಕೊಂಡಿತು. 2024ರ ಫೆಬ್ರವರಿಯಲ್ಲಿ 5.6.0, ಮಾರ್ಚ್‌ನಲ್ಲಿ 5.6.1 ಆವೃತ್ತಿಗಳು ಬಂದವು. ಎರಡರಲ್ಲೂ ಹಿಂಬಾಗಿಲಿತ್ತು. ನಿರ್ದಿಷ್ಟ ರಹಸ್ಯ ಕೀಲಿ ಇದ್ದವರು ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಸರ್ವರ್ ಮೂಲಕ ದೂರದಿಂದಲೇ ಯಂತ್ರಕ್ಕೆ ಆಜ್ಞೆ ಕೊಡಬಹುದಾಗಿತ್ತು.

ಈಗ ಗಮನವಿಟ್ಟು ಓದಿ. ಆ ಹಿಂಬಾಗಿಲನ್ನು ತೆರೆಯುವ ಸಾಲುಗಳು ಗಿಟ್‌ನಲ್ಲಿ, ಅಂದರೆ ಸೋರ್ಸನ್ನು ತೆರೆದಿಟ್ಟ ಭಂಡಾರದಲ್ಲಿ, ಇರಲೇ ಇಲ್ಲ. ಎಲ್ಲರೂ ಓದಬಹುದಾದ ಜಾಗ ಸ್ವಚ್ಛವಾಗಿ ಕಾಣುತ್ತಿತ್ತು. ಬಿಡುಗಡೆಗೆಂದು ಸೋರ್ಸ್ ಕಡತಗಳನ್ನು ಒಂದೇ ಗಂಟಾಗಿ ಕಟ್ಟಿಟ್ಟ ಟಾರ್‌ಬಾಲ್‌ನಲ್ಲಿ ಮಾತ್ರ, ಬಿಲ್ಡ್‌ಗೆ ಸಿದ್ಧತೆ ಮಾಡುವ ಎಂ4 ಕಡತವೊಂದು ಮೂಲಕ್ಕಿಂತ ತುಸು ಬದಲಾಗಿತ್ತು. ಬಿಲ್ಡ್‌ಗೆ ಮುನ್ನ ಯಂತ್ರದಲ್ಲಿ ಏನೇನಿದೆ ಎಂದು ತಪಾಸಣೆ ಮಾಡುವ ಕಾನ್ಫಿಗರ್ ಸ್ಕ್ರಿಪ್ಟ್ ಓಡುವಾಗ ಅದು ಎಚ್ಚೆತ್ತು ಸುತ್ತಲೂ ನೋಡುತ್ತಿತ್ತು: ಇದು 64 ಬಿಟ್ ಇಂಟೆಲ್ ಲಿನಕ್ಸೇ? ಕಂಪೈಲರ್ ಜಿಸಿಸಿಯೇ? ಡೆಬಿಯನ್ ಅಥವಾ ಆರ್‌ಪಿಎಂ ಪ್ಯಾಕೇಜಿಗಾಗಿ ನಡೆಯುತ್ತಿರುವ ಬಿಲ್ಡೇ? ಹೌದಾದರೆ ಮಾತ್ರ ಕೆಲಸ ಶುರು. ಯಾರಾದರೂ ಕುತೂಹಲಕ್ಕೆ ಮನೆಯಲ್ಲಿ ಕಂಪೈಲ್ ಮಾಡಿ ನೋಡಿದರೆ ಏನೂ ಸಿಗುತ್ತಿರಲಿಲ್ಲ. ಇನ್ನು ವಿಷ ಎಲ್ಲಿತ್ತು? ಟೆಸ್ಟ್ ಫೋಲ್ಡರಿನಲ್ಲಿ! ಹಾಳಾದ ಕಡತವನ್ನು ಕೊಟ್ಟರೆ ಪ್ರೋಗ್ರಾಂ ಸರಿಯಾಗಿ ನಿರಾಕರಿಸುತ್ತದೆಯೇ ಎಂದು ಪರೀಕ್ಷಿಸಲು ಉದ್ದೇಶಪೂರ್ವಕವಾಗಿ ಕೆಡಿಸಿದ ಕಡತಗಳನ್ನು ಇಡುವುದು ವಾಡಿಕೆ. ಅಂಥ ಕಡತ ಅರ್ಥವಿಲ್ಲದ ಬೈಟ್‌ಗಳ ರಾಶಿಯಾಗಿ ಕಂಡರೆ ಯಾರಿಗೂ ಅನುಮಾನ ಬರುವುದಿಲ್ಲ. ಆ ರಾಶಿಯೊಳಗೇ ಸ್ಕ್ರಿಪ್ಟ್ ಮತ್ತು ಕಂಪೈಲ್ ಆದ ಕೋಡ್ ಎರಡೂ ಅಡಗಿ ಕುಳಿತಿದ್ದವು.

ಅಂದರೆ ದಾಳಿ ಮಾಡಿದವರಿಗೆ ಬಿಲ್ಡ್ ಮತ್ತು ಟೆಸ್ಟ್ ಎರಡೂ ಸೋರ್ಸ್‌ನಷ್ಟೇ ಮುಖ್ಯ ಎಂದು ಗೊತ್ತಿತ್ತು. ನಮ್ಮ ವಿದ್ಯಾರ್ಥಿಗಳಿಗೆ ಮಾತ್ರ ಗೊತ್ತಿಲ್ಲ.

ಇದೇ ಪ್ರಕರಣದ ಇನ್ನೊಂದು ತುಣುಕು ನನಗೆ ಇನ್ನೂ ರುಚಿ. ಲ್ಯಾಂಡ್‌ಲಾಕ್ ಎಂಬುದು ಲಿನಕ್ಸ್ ಕರ್ನಲ್‌ನ ಒಂದು ರಕ್ಷಣಾ ಸೌಲಭ್ಯ. ಅದು ಈ ಯಂತ್ರದಲ್ಲಿ ಇದೆಯೇ ಎಂದು ತಿಳಿಯಲು ಬಿಲ್ಡ್ ವ್ಯವಸ್ಥೆ ಒಂದು ಚಿಕ್ಕ ಸಿ ಪ್ರೋಗ್ರಾಂ ಕಂಪೈಲ್ ಮಾಡಿ ನೋಡುತ್ತದೆ. ಕಂಪೈಲ್ ಆದರೆ ಸೌಲಭ್ಯ ಇದೆ, ಆಗದಿದ್ದರೆ ಇಲ್ಲ. ಸಿಮೇಕ್ ಎಂಬ ಬಿಲ್ಡ್ ಸಾಧನದ ಕಡತದಲ್ಲಿದ್ದ ಆ ಚಿಕ್ಕ ಪ್ರೋಗ್ರಾಂನೊಳಗೆ ಯಾರೋ ಒಂದು ಚುಕ್ಕೆ ಇಟ್ಟಿದ್ದರು. ಒಂದೇ ಒಂದು ಚುಕ್ಕೆ, ಸಾಲಿನ ಆರಂಭದಲ್ಲಿ. ಪ್ರೋಗ್ರಾಂ ಎಲ್ಲೂ ಕಂಪೈಲ್ ಆಗುವುದಿಲ್ಲ, ಹಾಗಾಗಿ ಬಿಲ್ಡ್ ವ್ಯವಸ್ಥೆ ‘ಸೌಲಭ್ಯ ಲಭ್ಯವಿಲ್ಲ’ ಎಂದು ಬರೆದುಕೊಂಡು ಮುಂದೆ ಹೋಗುತ್ತದೆ. ದೋಷ ಸೂಚನೆ ಇಲ್ಲ, ಬಿಲ್ಡ್ ಯಶಸ್ವಿ, ರಕ್ಷಣೆ ಮಾತ್ರ ಮಾಯ.

ದುರುದ್ದೇಶವೇ ಬೇಕೆಂದೂ ಇಲ್ಲ. 2024ರ ಮೇ ತಿಂಗಳಲ್ಲಿ ಬಂದ ಜಿಸಿಸಿ 14, ಘೋಷಣೆಯಿಲ್ಲದೆ ಫಂಕ್ಷನ್ ಕರೆಯುವುದಕ್ಕೆ ‘ಎಚ್ಚರಿಕೆ’ಯ ಮಟ್ಟದಿಂದ ‘ದೋಷ’ದ ಮಟ್ಟಕ್ಕೆ ಬಡ್ತಿ ಕೊಟ್ಟಿತು. ಹಳೆಯ ಕಾನ್ಫಿಗರ್ ಸ್ಕ್ರಿಪ್ಟ್‌ಗಳಲ್ಲಿರುವ ಇಂಥದೇ ಪುಟ್ಟ ಪರೀಕ್ಷಾ ಪ್ರೋಗ್ರಾಂಗಳು ಆ ಏಟಿಗೆ ಬಿದ್ದರೆ, ಇರುವ ಸೌಲಭ್ಯವನ್ನೇ ಇಲ್ಲವೆಂದು ಬಗೆದು ಬಿಲ್ಡ್ ಮುಂದುವರಿಯುತ್ತದೆ. ಹಸಿರು ದೀಪ ಉರಿಯುತ್ತಿದೆ ಎಂದು ನೆಮ್ಮದಿಯಾಗಿರುವವರು ಬಿಲ್ಡ್ ಎಂಜಿನಿಯರ್ ಆಗಲಾರರು. ಹಿಂದಿನ ಲಾಗ್‌ನಲ್ಲಿ ‘ಇದೆ’ ಎಂದಿದ್ದದ್ದು ಈ ಬಾರಿ ‘ಇಲ್ಲ’ ಏಕಾಯಿತು ಎಂದು ಕೇಳುವವರು ಬೇಕು.

ಎಕ್ಸ್‌ಝಡ್ ಸಿಕ್ಕಿಬಿದ್ದದ್ದೂ ಅಂಥವರಿಂದಲೇ. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್ ತಮ್ಮ ಡೆಬಿಯನ್ ಯಂತ್ರದಲ್ಲಿ ವೇಗದ ಅಳತೆ ನಡೆಸುತ್ತಿದ್ದಾಗ ಎಸ್‌ಎಸ್‌ಎಚ್ ವಿಪರೀತ ಸಿಪಿಯು ತಿನ್ನುವುದು ಕಂಡಿತು. ಸುಮಾರು 0.3 ಸೆಕೆಂಡಿನಲ್ಲಿ ಮುಗಿಯಬೇಕಾದ ಲಾಗಿನ್ ಪ್ರಯತ್ನ 0.8 ಸೆಕೆಂಡ್ ಹಿಡಿಯುತ್ತಿತ್ತು. ಪೋಸ್ಟ್‌ಗ್ರೆಸ್‌ನ ಸ್ವಯಂಚಾಲಿತ ಪರೀಕ್ಷೆಗಳಲ್ಲಿ ಕೆಲವು ವಾರಗಳ ಹಿಂದೆ, ಮೆಮೊರಿ ಬಳಕೆಯ ತಪ್ಪುಗಳನ್ನು ಹುಡುಕುವ ವಾಲ್‌ಗ್ರಿಂಡ್ ಎಂಬ ಸಾಧನ ಕೊಟ್ಟಿದ್ದ ಒಂದು ವಿಚಿತ್ರ ದೂರೂ ಅವರಿಗೆ ನೆನಪಾಯಿತು. ಎರಡನ್ನೂ ಜೋಡಿಸಿ ಅಗೆಯುತ್ತಾ ಹೋದರು. 2024ರ ಮಾರ್ಚ್ 29ರಂದು ಪ್ರಕಟಿಸಿದರು. ಅಷ್ಟರಲ್ಲಿ ಅದು ಡೆಬಿಯನ್‌ನ ಅಸ್ಥಿರ ಮತ್ತು ಪರೀಕ್ಷಾ ಶಾಖೆಗಳನ್ನು ತಲುಪಿತ್ತು, ಸ್ಥಿರ ಶಾಖೆಯನ್ನು ತಲುಪಿರಲಿಲ್ಲ. ‘ಅದೃಷ್ಟ’ ಎಂದು ಬರೆದವರು ಬಹಳ ಮಂದಿ. ಅರ್ಧ ಸೆಕೆಂಡಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳುವ ಅಭ್ಯಾಸವನ್ನು ನಾನು ಅದೃಷ್ಟ ಎಂದು ಕರೆಯುವುದಿಲ್ಲ.

ಈ ದಾರಿಗೆ ಕಾವಲು ಹಾಕುವ ಒಂದು ಪ್ರಯತ್ನ ರಿಪ್ರೊಡ್ಯೂಸಿಬಲ್ ಬಿಲ್ಡ್ಸ್. ಡೆಬಿಯನ್‌ನಲ್ಲಿ ಇದು 2013ರಲ್ಲಿ ಶುರುವಾಯಿತು. ಒಂದೇ ಸೋರ್ಸನ್ನು ಇಬ್ಬರು ಬೇರೆ ಬೇರೆ ಕಡೆ ಕಟ್ಟಿದರೆ ಬೈಟ್ ಕೂಡ ವ್ಯತ್ಯಾಸವಿಲ್ಲದ ಫಲಿತಾಂಶ ಬರಬೇಕು ಎಂಬುದು ಗುರಿ. ಬಂದರೆ, ಕಟ್ಟಿದ ಯಂತ್ರದಲ್ಲಿ ಯಾರೂ ಕೈಯಾಡಿಸಿಲ್ಲ ಎಂದು ನಂಬಬಹುದು. ಕೇಳಲು ಸುಲಭ. ಪ್ರಯತ್ನಿಸಿ ನೋಡಿ: ಬಿಲ್ಡ್ ಆದ ಹೊತ್ತು, ಫೋಲ್ಡರಿನ ಹೆಸರು, ಕಡತಗಳನ್ನು ಡಿಸ್ಕ್ ಕೊಟ್ಟ ಕ್ರಮ, ಟೈಮ್‌ಝೋನ್, ಭಾಷೆಯ ಆಯ್ಕೆಗೆ ತಕ್ಕಂತೆ ಬದಲಾಗುವ ಅಕಾರಾದಿ ಎಲ್ಲವೂ ಪ್ರೋಗ್ರಾಂನೊಳಗೆ ನುಸುಳಿರುತ್ತವೆ. ಆದ್ದರಿಂದ ಪರೀಕ್ಷೆಯಲ್ಲಿ ಬೇಕೆಂದೇ ಎರಡನೆಯ ಸಲ ಇವನ್ನೆಲ್ಲ ಬದಲಿಸುತ್ತಾರೆ. ಗಡಿಯಾರವನ್ನು ವರ್ಷಕ್ಕೂ ಮುಂದೆ ತಿರುಗಿಸಿಡುವುದೂ ಉಂಟು. ಹಾಗೆ ಮಾಡಿದಾಗ ಟೆಸ್ಟ್‌ಗಳೊಳಗೆ ಇಟ್ಟಿದ್ದ ಸರ್ಟಿಫಿಕೇಟ್‌ಗಳ ಅವಧಿ ಮುಗಿದು ಬಿಲ್ಡ್ ಮುರಿಯುವುದು ಈಗಲೇ ಗೊತ್ತಾಗುತ್ತದೆ. ವ್ಯತ್ಯಾಸ ಎಲ್ಲಿದೆ ಎಂದು ಬಿಡಿಸಿ ತೋರಿಸಲು ಡಿಫೊಸ್ಕೋಪ್ ಎಂಬ ಸಾಧನವಿದೆ. ನಿಮ್ಮಂಥವರು ಮೊದಲು ಕೈಯಿಡಬೇಕಾದದ್ದು ಅದಕ್ಕೆ.

ಇಲ್ಲಿ ಜಾಣರೊಬ್ಬರು ಕೈ ಎತ್ತುತ್ತಾರೆ, ಎತ್ತಲೇಬೇಕು: ಟಾರ್‌ಬಾಲ್‌ನಲ್ಲೇ ವಿಷವಿದ್ದರೆ ಇಬ್ಬರು ಕಟ್ಟಿದರೂ ಒಂದೇ ವಿಷ ಬರುತ್ತದಲ್ಲ? ಬರುತ್ತದೆ. ಎಕ್ಸ್‌ಝಡನ್ನು ಈ ಒಂದು ಪರೀಕ್ಷೆ ಹಿಡಿಯುತ್ತಿರಲಿಲ್ಲ. ಟಾರ್‌ಬಾಲನ್ನು ಗಿಟ್‌ನೊಂದಿಗೆ ಹೋಲಿಸುವುದು, ಕಾನ್ಫಿಗರ್ ಸ್ಕ್ರಿಪ್ಟನ್ನು ನಾವೇ ಹೊಸದಾಗಿ ಹುಟ್ಟಿಸಿಕೊಳ್ಳುವುದು, ಸಾಧ್ಯವಾದಲ್ಲಿ ನೇರ ಗಿಟ್‌ನಿಂದಲೇ ಕಟ್ಟುವುದು ಇವೆಲ್ಲ ಬೇರೆ ಬೇರೆ ಕಾವಲು. ಅದಕ್ಕೇ ಜನ ಬೇಕು ಎನ್ನುತ್ತಿರುವುದು.

ಸಂಬಳದ ಮಾತು ಕೇಳಿಲ್ಲ, ಆದರೆ ಮನೆಯಲ್ಲಿ ಕೇಳುತ್ತಾರೆ. ರೆಡ್ ಹ್ಯಾಟ್, ಸೂಸೆಯಂಥ ಕಂಪನಿಗಳ ಕಚೇರಿಗಳು ಬೆಂಗಳೂರಿನಲ್ಲೇ ಇವೆ. ಬಿಲ್ಡ್, ಬಿಡುಗಡೆ, ಪರೀಕ್ಷೆ ಅಲ್ಲಿ ಸಂಬಳದ ಕೆಲಸವೇ.

ಇನ್ನೊಂದು ವಿಷಯ ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಟೆಸ್ಟ್ ಬರೆಯುವಾಗ ‘ಸರಿ’ ಉತ್ತರ ಯಾವುದು ಎಂದು ನಿರ್ಧರಿಸುವವರು ಯಾರು? ಎರಡು ಸಂಖ್ಯೆ ಕೂಡುವ ಫಂಕ್ಷನ್ ಆದರೆ ಜಗಳವಿಲ್ಲ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲದರಲ್ಲೂ ಅಕ್ಷರ ಜೋಡಿಸಿಕೊಡುವ ಹಾರ್ಫ್‌ಬಝ್ ಎಂಬ ಲೈಬ್ರರಿ ಇದೆ. ಅದರ ಪರೀಕ್ಷೆಗಳೆಂದರೆ, ಇಂಥ ಅಕ್ಷರ ಸರಣಿ ಕೊಟ್ಟರೆ ಫಾಂಟ್‌ನ ಇಂಥ ಆಕಾರಗಳು ಇಂಥ ಜಾಗದಲ್ಲಿ ಬರಬೇಕು ಎಂಬ ಸಾಲುಗಳು. ಕನ್ನಡಕ್ಕೆ ಯಾವುದು ಸರಿ ಎಂದು ಸಿ++ ಬಲ್ಲ ವಿದೇಶಿ ಡೆವಲಪರ್‌ಗೆ ಹೇಗೆ ತಿಳಿಯಬೇಕು? ಸೂರ್ಯ ಎಂದು ಅರ್ಕಾವೊತ್ತಿನಲ್ಲಿ ಬರೆಯುವವರಿದ್ದಾರೆ, ಸೂರ‍್ಯ ಎಂದು ರಕಾರಕ್ಕೆ ಯ ಒತ್ತು ಕೊಟ್ಟು ಬರೆಯುವವರೂ ಇದ್ದಾರೆ. ಎರಡನೆಯದಕ್ಕೆ ಕಣ್ಣಿಗೆ ಕಾಣದ ಒಂದು ಜೋಡಕ ಬೇಕು. ಹಳೆಯ ಪಠ್ಯಗಳಲ್ಲಿ ಆ ಜೋಡಕ ಹಲಂತದ ನಂತರ ಬರುತ್ತಿತ್ತು, ಈಗಿನ ಕ್ರಮದಲ್ಲಿ ಮೊದಲು ಬರುತ್ತದೆ. ಹಳೆಯ ಕನ್ನಡ ಬಳಕೆಯೂ ಕೆಡಬಾರದೆಂದು, ಎರಡನ್ನೂ ಒಂದೇ ಆಗಿ ನೋಡುವ ವಿಶೇಷ ಏರ್ಪಾಡು ಹಾರ್ಫ್‌ಬಝ್‌ನ ಕೋಡಿನಲ್ಲೇ ಇದೆ. ಇಂಥದ್ದು ತಪ್ಪಾದರೆ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಕನ್ನಡ ಓದಬಲ್ಲವರು ತೋರಿಸಿಕೊಡಬೇಕು.

ಈ ಕೆಲಸಕ್ಕೆ ಸಿ++ ಬೇಡ. ಯಾವ ಪ್ರೋಗ್ರಾಂ, ಯಾವ ಆವೃತ್ತಿ, ಯಾವ ಫಾಂಟ್, ಯಾವ ಅಕ್ಷರಗಳು ಯಾವ ಕ್ರಮದಲ್ಲಿ, ಏನು ಕಾಣಬೇಕಿತ್ತು, ಏನು ಕಂಡಿತು ಎಂದು ಬರೆದು, ಎರಡರ ಚಿತ್ರವನ್ನೂ ಜೊತೆಗಿಡಿ. ಅಕ್ಷರಗಳ ಯೂನಿಕೋಡ್ ಸಂಖ್ಯೆಗಳನ್ನೂ ಕೊಟ್ಟರೆ ಅದೇ ಸರಣಿ ನಾಳೆ ಪರೀಕ್ಷೆಯ ಒಂದು ಸಾಲಾಗಬಹುದು. ‘ಕನ್ನಡ ಸರಿಯಾಗಿ ಕಾಣುತ್ತಿಲ್ಲ, ದಯವಿಟ್ಟು ಸರಿಪಡಿಸಿ’ ಎಂದಷ್ಟೇ ಬರೆದು ಕಳುಹಿಸಬೇಡಿ. ಅಂಥ ದೂರನ್ನು ಹಿಡಿದುಕೊಂಡು ಯಾರೂ ಏನೂ ಮಾಡಲಾಗುವುದಿಲ್ಲ.