ರೆಡ್ ವೈನ್ ಕುಡಿದರೆ ಬಾಯಿ ಒಗರಾಗುತ್ತದೆ, ಯಾಕೆ?

ಪ್ರಶ್ನೆ: ಗೆಳೆಯರೊಬ್ಬರು ಸ್ಪೇನ್‌ನಿಂದ ರಿಯೋಹಾ ರೆಡ್ ವೈನ್ ತಂದುಕೊಟ್ಟರು. ಲೇಬಲ್ ಮೇಲೆ ‘ಕ್ರಿಯಾನ್ಸಾ’ ಎಂದಿದೆ. ಒಂದು ಗುಟುಕು ಕುಡಿದೆ, ಬಾಯೆಲ್ಲ ಒಗರು. ವೈನ್ ಕೆಟ್ಟಿದೆಯಾ? ಇದರ ಜೊತೆ ಏನು ತಿನ್ನಬೇಕು?

ಕೆಟ್ಟಿಲ್ಲ. ಕೆಟ್ಟಿದ್ದರೆ ವಿನೆಗರ್ ವಾಸನೆಯೋ ಒದ್ದೆ ರಟ್ಟಿನ ವಾಸನೆಯೋ ಮೂಗಿಗೆ ಮೊದಲೇ ಬಡಿಯುತ್ತಿತ್ತು. ನೀವು ಹೇಳಿದ ಒಗರು ಬೇರೆ. ಬಾಳೆಕಾಯಿ ಹಸಿಯಾಗಿ ಕಚ್ಚಿದಾಗ, ಟೀ ಪುಡಿ ಜಾಸ್ತಿ ಹೊತ್ತು ಕುದ್ದಾಗ ನಾಲಿಗೆ ಹಿಡಿದುಕೊಳ್ಳುತ್ತದಲ್ಲ, ಅದೇ ಇದು. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಲ್ಲಿ ಟ್ಯಾನಿನ್ ಇರುತ್ತದೆ. ಅದು ಎಂಜಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಬಾಯಿಯ ಜಾರು ಹೋಗಿ ಒಳಗೆಲ್ಲ ಒರಟೊರಟು ಅನ್ನಿಸುತ್ತದೆ.

ಪೀಪಾಯಿಯ ಮರದಿಂದಲೂ ಸ್ವಲ್ಪ ಒಗರು ಬರುತ್ತದೆ. ರಿಯೋಹಾ ಸ್ಪೇನ್‌ನ ಒಂದು ವೈನ್ ಸೀಮೆ. ಅಲ್ಲಿ ಕ್ರಿಯಾನ್ಸಾ ಎಂದು ಬರೆಯಬೇಕಾದರೆ ರೆಡ್ ವೈನ್ ಕನಿಷ್ಠ 2 ವರ್ಷ ಮಾಗಿರಬೇಕು, ಅದರಲ್ಲಿ 1 ವರ್ಷವಾದರೂ ಓಕ್ ಪೀಪಾಯಿಯಲ್ಲಿ. ರಿಸರ್ವಾ ಅಂದರೆ 3 ವರ್ಷ, ಗ್ರಾನ್ ರಿಸರ್ವಾ ಅಂದರೆ 5. ಅಲ್ಲಿಯ ಪೀಪಾಯಿ 225 ಲೀಟರಿನದು, ಫ್ರಾನ್ಸಿನ ಬೋರ್ಡೋದಿಂದ ಕಲಿತದ್ದು. ಮರ ಮಾತ್ರ ಹಳೇ ಕಾಲದಿಂದ ಹೆಚ್ಚಾಗಿ ಅಮೆರಿಕದ ಓಕ್. ಗ್ಲಾಸಿನಲ್ಲಿ ವೆನಿಲ್ಲಾ, ತೆಂಗಿನಕಾಯಿ ತರಹದ ಪರಿಮಳ ಬಂದರೆ ಅದು ಈ ಮರದ್ದು, ದ್ರಾಕ್ಷಿಯದಲ್ಲ. ಅಲ್ಲಿಯ ಮುಖ್ಯ ದ್ರಾಕ್ಷಿ ಟೆಂಪ್ರಾನಿಯೋ ಕೊಡುವುದು ಚೆರ್ರಿ, ಪ್ಲಮ್‌ನಂಥ ಹಣ್ಣಿನ ರುಚಿ.

ಬಾಟಲಿಯನ್ನು ಫ್ರಿಜ್‌ನಿಂದ ತೆಗೆದ ಕೂಡಲೇ ಕುಡಿದಿರಾ? ಹಾಗಾದರೆ ಒಗರು ಇನ್ನೂ ಎದ್ದು ಕಾಣುತ್ತದೆ. ‘ರೂಮ್ ಟೆಂಪರೇಚರ್’ನಲ್ಲಿ ಕುಡಿಯಬೇಕು ಅನ್ನುವುದನ್ನೂ ನಂಬಬೇಡಿ. ಅದು ಯೂರೋಪಿನ ತಣ್ಣನೆಯ ಕಲ್ಲಿನ ಮನೆಗಳಲ್ಲಿ ಹುಟ್ಟಿದ ಮಾತು. ನಮ್ಮ ಏಪ್ರಿಲ್‌ನ ಅಡುಗೆಮನೆಯಲ್ಲಿ ಬರೀ ಆಲ್ಕೋಹಾಲ್ ವಾಸನೆ ಹೊಡೆಯುತ್ತದೆ. 16ರಿಂದ 18 ಡಿಗ್ರಿ ಸಾಕು. ಹೊರಗಿಟ್ಟ ಬಾಟಲಿಯಾದರೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ.

ಇನ್ನು ಊಟ. ಮೊದಲು ಒಂದು ಪರೀಕ್ಷೆ ಮಾಡಿ. ಬರೀ ವೈನ್ ಒಂದು ಗುಟುಕು ಕುಡಿಯಿರಿ. ಆಮೇಲೆ ಉಪ್ಪುಪ್ಪಾದ ಗಟ್ಟಿ ಚೀಸ್ ಒಂದು ತುಂಡು ಚೆನ್ನಾಗಿ ಅಗಿದು, ಮತ್ತೆ ಕುಡಿಯಿರಿ. ಎರಡನೇ ಗುಟುಕು ನುಣುಪಾಗಿರುತ್ತದೆ, ಹಣ್ಣಿನ ರುಚಿ ಆಗ ಗೊತ್ತಾಗುತ್ತದೆ. ಟ್ಯಾನಿನ್‌ಗೆ ಅಂಟಿಕೊಳ್ಳಲು ನಿಮ್ಮ ಎಂಜಲಿನ ಬದಲು ಚೀಸಿನ ಪ್ರೋಟೀನು, ಕೊಬ್ಬು ಸಿಕ್ಕಿತು, ಅಷ್ಟೇ.

ರಿಯೋಹಾದವರು ಇದನ್ನು ಕುರಿಮರಿ ಮಾಂಸದಲ್ಲಿ ಸಾಧಿಸಿದ್ದಾರೆ. ದ್ರಾಕ್ಷಿ ಬಳ್ಳಿ ಸವರಿದಾಗ ಬಿದ್ದ ಕಡ್ಡಿಗಳನ್ನು ಒಣಗಿಸಿ, ಆ ಕೆಂಡದ ಮೇಲೆ ಪುಟ್ಟ ಪುಟ್ಟ ಚಾಪ್‌ಗಳನ್ನು ಸುಡುತ್ತಾರೆ. ಮಸಾಲೆ ಇಲ್ಲ, ಉಪ್ಪು ಮಾತ್ರ. ಇನ್ನೊಂದು, ಚೊರೀಸೋ (ಕೆಂಪು ಮೆಣಸು ಹಾಕಿದ ಹಂದಿಮಾಂಸದ ಸಾಸೇಜ್) ಹಾಕಿದ ಆಲೂಗಡ್ಡೆ ಸಾರು. ಆಲೂಗಡ್ಡೆಯನ್ನು ಪೂರ್ತಿ ಕತ್ತರಿಸುವುದಿಲ್ಲ. ಚಾಕು ಅರ್ಧ ಇಳಿಸಿ ‘ಟಕ್’ ಅಂತ ಮುರಿಯುತ್ತಾರೆ. ಹಾಗೆ ಮುರಿದರೆ ಪಿಷ್ಟ ಬಿಟ್ಟುಕೊಂಡು ಸಾರು ಮಂದವಾಗುತ್ತದೆ. ಅದರ ಕೆಂಪು ನೋಡಿ ಹೆದರಬೇಡಿ. ಅಲ್ಲಿಯ ಒಣಮೆಣಸು ನಮ್ಮ ಬ್ಯಾಡಗಿಯ ಹಾಗೆ, ಬಣ್ಣವೇ ಜಾಸ್ತಿ.

ಖಾರದ ವಿಷಯ ಅದಕ್ಕೇ ಎತ್ತಿದೆ. ಇಂಥ ವೈನ್‌ನಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇ 13.5ರ ಆಸುಪಾಸು. ಖಾರ ತಿಂದು ಇದನ್ನು ಕುಡಿದರೆ ಉರಿ ಇಳಿಯುವುದಿಲ್ಲ, ಏರುತ್ತದೆ. ಗುಂಟೂರು ಮೆಣಸಿನ ಮಟನ್ ಜೊತೆ ಈ ಬಾಟಲಿ ತೆರೆಯಲೇಬೇಡಿ, ಎರಡೂ ಹಾಳು. ಕಾಳುಮೆಣಸು ಹದವಾಗಿ ಹಾಕಿದ ಮಟನ್ ಫ್ರೈ ಆದರೆ ನಾನು ಒಪ್ಪುತ್ತೇನೆ.

ಮಾಂಸ ತಿನ್ನದವರು ಅಣಬೆ ತನ್ನಿ. ರಿಯೋಹಾದ ಲೊಗ್ರೋನ್ಯೊ ಊರಿನ ಲಾವ್ರೆಲ್ ಬೀದಿಯಲ್ಲಿ ಅಣಬೆಯನ್ನು ಬೆಳ್ಳುಳ್ಳಿ, ಎಣ್ಣೆಯಲ್ಲಿ ಸುಟ್ಟು, ಬ್ರೆಡ್ ಮೇಲೆ ಒಂದರ ಮೇಲೊಂದು ಪೇರಿಸಿ ಕಡ್ಡಿ ಚುಚ್ಚಿ ಕೊಡುತ್ತಾರೆ. ಮೇಲೊಂದು ಸಣ್ಣ ಸಿಗಡಿ ಇರುತ್ತದೆ, ಅದನ್ನು ಬಿಡಿ. ಎಣ್ಣೆ ಕುಡಿದು ಮೆತ್ತಗಾದ ಆ ತಳದ ಬ್ರೆಡ್ ಮಾತ್ರ ಬಿಡಬೇಡಿ.