ಬ್ಯಾಟರಿ ಪೂರ್ತಿ ಖಾಲಿಯಾದ ಮೇಲೆಯೇ ಚಾರ್ಜಿಗೆ ಹಾಕಬೇಕೇ?

ಪ್ರಶ್ನೆ: ಗದಗದಲ್ಲಿ ಮದುವೆ ಫೋಟೊ ತೆಗೆಯುವ ಕೆಲಸಕ್ಕೆ ಈಚೆಗೆ ಇಳಿದಿದ್ದೇನೆ. ಕ್ಯಾಮೆರಾ ಬ್ಯಾಟರಿಯನ್ನು ಅರ್ಧಕ್ಕೇ ಚಾರ್ಜಿಗೆ ಹಾಕಬಾರದು, ಪೂರ್ತಿ ಇಳಿದ ಮೇಲೆಯೇ ಹಾಕಬೇಕು, ಇಲ್ಲದಿದ್ದರೆ ಕೂತುಹೋಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ನಿಜವೇ?

ಉತ್ತರ: ಹಿರಿಯರ ಮಾತು ಅವರ ಕಾಲದ ಬ್ಯಾಟರಿಗೆ ಸರಿಯಾಗಿತ್ತು. ಹೆಗಲ ಮೇಲೆ ಹೊತ್ತು ನಿಲ್ಲುತ್ತಿದ್ದ ವಿಡಿಯೊ ಕ್ಯಾಮೆರಾಗಳಲ್ಲಿ ಇರುತ್ತಿದ್ದದ್ದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ಪದೇ ಪದೇ ಅರ್ಧದಿಂದಲೇ ಚಾರ್ಜ್ ಮಾಡಿದರೆ ಅದು ಆ ಅರ್ಧವನ್ನೇ ತನ್ನ ತಳವೆಂದು ತಿಳಿದಂತೆ ಅಲ್ಲಿಗೇ ಸೋತುಬಿಡುತ್ತಿತ್ತು. ನಾನು ಕೆಲಸ ಕಲಿತ ಸ್ಟುಡಿಯೊದಲ್ಲಿ, ಮದುವೆ ಮುಗಿಸಿ ಬಂದ ರಾತ್ರಿ ಬ್ಯಾಟರಿಗೆ ಸಣ್ಣದೊಂದು ಬಲ್ಬ್ ಸಿಕ್ಕಿಸಿ ಇಡುವುದು ನನ್ನ ಪಾಲಿನ ಕೆಲಸ. ಬಲ್ಬಿನ ತಂತಿ ಕೆಂಪಗೆ ಮಂಕಾದ ಮೇಲೆಯೇ ಅದನ್ನು ಚಾರ್ಜರಿಗೆ ಹಾಕುತ್ತಿದ್ದೆವು.

ನಿಮ್ಮ ಕ್ಯಾಮೆರಾದಲ್ಲಿರುವುದು ಲಿಥಿಯಂ-ಅಯಾನ್. ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದ ಈ ಜಾತಿಗೆ ಆ ನೆನಪಿನ ರೋಗ ಇಲ್ಲ. ಮುಹೂರ್ತಕ್ಕೂ ಊಟಕ್ಕೂ ನಡುವೆ ಅರ್ಧ ಗಂಟೆ ಬಿಡುವು ಸಿಕ್ಕಿತೇ, ಧಾರಾಳವಾಗಿ ಚಾರ್ಜಿಗೆ ಹಾಕಿ. ಎರಡು ಸಲ ಅರ್ಧರ್ಧ ತುಂಬಿಸಿದರೆ ಲೆಕ್ಕಕ್ಕೆ ಒಂದೇ ಸುತ್ತು. ಆ ಅರ್ಧ ಗಂಟೆ ವ್ಯರ್ಥವೂ ಅಲ್ಲ. ನಳಕ್ಕೆ ನೀರು ಬರುವ ದಿನ ಕಾಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಕೊಡ ಖಾಲಿ ಇರುವಾಗ ನಳವನ್ನು ಪೂರ್ತಿ ತಿರುಗಿಸುತ್ತೇವೆ, ಕಂಠದ ಹತ್ತಿರ ಬಂದಾಗ ಸಣ್ಣಗೆ ಮಾಡುತ್ತೇವೆ. ಚಾರ್ಜರ್ ಮಾಡುವುದೂ ಅದನ್ನೇ. ಒಂದೊಂದು ಸೆಲ್ 4.2 ವೋಲ್ಟ್ ಮುಟ್ಟುವ ತನಕ ಭರದಿಂದ ತುಂಬಿ, ಕೊನೆಯ ಪಾಲನ್ನು ತೊಟ್ಟು ತೊಟ್ಟಾಗಿ ತುಂಬುತ್ತದೆ. ತುಂಬಿದ ಮೇಲೆ ತಾನೇ ನಿಲ್ಲಿಸುತ್ತದೆ. ಹಾಗಾಗಿ ಒಳ್ಳೆಯ ಚಾರ್ಜರಿನಲ್ಲಿ ಒಂದು ರಾತ್ರಿ ಬಿಟ್ಟರೆ ಏನೂ ಆಗುವುದಿಲ್ಲ. ಹೊಸ ಬ್ಯಾಟರಿಯನ್ನು ಮೊದಲ ಸಲ ಎಂಟು ಗಂಟೆ ಚಾರ್ಜ್ ಮಾಡಬೇಕೆನ್ನುವುದೂ ಹಳೆಯ ಕಾಲದ ಮಾತೇ.

ಪೂರ್ತಿ ಖಾಲಿ ಮಾಡುವುದೇ ಈ ಬ್ಯಾಟರಿಗೆ ಕೆಟ್ಟದ್ದು. ಇದಕ್ಕೆ ನಾನು ದಂಡ ತೆತ್ತಿದ್ದೇನೆ. ಒಂದು ವರ್ಷ ಆಷಾಢ ಹಿಡಿದು ಮದುವೆಗಳು ನಿಂತಾಗ, ಕೊನೆಯ ಕಾರ್ಯಕ್ರಮದಲ್ಲಿ ಖಾಲಿಯಾದ ಎರಡು ಬ್ಯಾಟರಿಗಳನ್ನು ಹಾಗೆಯೇ ಚೀಲದಲ್ಲಿ ಬಿಟ್ಟು ಕಪಾಟಿಗೆ ಸೇರಿಸಿದೆ. ಹೊರಗೆ ತೆಗೆದದ್ದು ದಸರೆ ಹೊತ್ತಿಗೆ. ಚಾರ್ಜರಿನ ದೀಪ ಸ್ಥಿರವಾಗಿ ಉರಿಯುವ ಬದಲು ಪಟಪಟನೆ ಮಿಟುಕತೊಡಗಿತು. ಖಾಲಿ ಬ್ಯಾಟರಿ ಸುಮ್ಮನೆ ಬಿದ್ದಿದ್ದರೂ ತುಸು ತುಸುವೇ ಇಳಿಯುತ್ತಿರುತ್ತದೆ. ವೋಲ್ಟೇಜ್ ಒಂದು ಮಟ್ಟಕ್ಕಿಂತ ಕೆಳಗೆ ಹೋದರೆ ಒಳಗಿನ ರಕ್ಷಣಾ ಸರ್ಕ್ಯೂಟ್ ಬಾಗಿಲು ಹಾಕಿಕೊಳ್ಳುತ್ತದೆ. ಎರಡರಲ್ಲಿ ಒಂದು ಮರುದಿನ ಎದ್ದಿತು, ಇನ್ನೊಂದು ಏಳಲೇ ಇಲ್ಲ.

ಹಾಗೆಂದು ಪೂರ್ತಿ ತುಂಬಿಸಿ ತಿಂಗಳುಗಟ್ಟಲೆ ಇಡುವುದೂ ತಪ್ಪು, ಅದರಲ್ಲೂ ನಮ್ಮ ಸೀಮೆಯ ಸೆಕೆಯಲ್ಲಿ. ತುಂಬಿದ ಬ್ಯಾಟರಿಯನ್ನು 40 ಡಿಗ್ರಿ ಶಾಖದಲ್ಲಿ ಒಂದು ವರ್ಷ ಇಟ್ಟರೆ ಅದರ ಕಸುವಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಮರಳಿ ಬಾರದಂತೆ ಹೋಗುತ್ತದೆ. ಅರ್ಧಕ್ಕಿಂತ ತುಸು ಕಡಿಮೆ ತುಂಬಿಸಿ ಇಟ್ಟದ್ದಕ್ಕೆ ಅದರ ಅರ್ಧದಷ್ಟೂ ಹಾನಿಯಾಗುವುದಿಲ್ಲ. ಆಷಾಢಕ್ಕೆ ಮುಂಚೆ ನಾನು ಈಗ ಬ್ಯಾಟರಿಗಳನ್ನು ಅರ್ಧದ ಆಸುಪಾಸಿಗೆ ತಂದು, ಕ್ಯಾಮೆರಾದಿಂದ ಹೊರತೆಗೆದು, ಮುಚ್ಚಳ ಹಾಕಿ, ಮನೆಯ ತಂಪು ಮೂಲೆಯಲ್ಲಿಡುತ್ತೇನೆ. ಮುಚ್ಚಳ ಕಳೆದಿದ್ದರೆ ಸಣ್ಣ ಪ್ಲಾಸ್ಟಿಕ್ ಚೀಲವಾದರೂ ಸರಿ. ಬರಿಯ ಬ್ಯಾಟರಿಯನ್ನು ಚಿಲ್ಲರೆ, ಕೀಲಿಕೈ ಇರುವ ಜೇಬಿಗೆ ಮಾತ್ರ ಹಾಕಬೇಡಿ. ನಾಣ್ಯ ಅಡ್ಡ ಕೂತರೆ ಜೇಬೇ ಸುಡುತ್ತದೆ.

ನಿಮ್ಮ ಬ್ಯಾಟರಿಯನ್ನು ಕೊಲ್ಲುವುದು ಬಹುತೇಕ ಬಿಸಿಲೇ. ಏಪ್ರಿಲ್ ಮಧ್ಯಾಹ್ನ ಗದಗದಿಂದ ಮುಂಡರಗಿಗೆ ಹೋಗುವಾಗ ಸ್ಕೂಟರ್ ಡಿಕ್ಕಿಯಲ್ಲಿ ಬ್ಯಾಟರಿ ಚೀಲ ಇಡುತ್ತೀರಾ? ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ? ಚಾರ್ಜ್ ಮಾಡುವ ಹೊತ್ತಿನಲ್ಲಂತೂ ಶಾಖ 45 ಡಿಗ್ರಿ ದಾಟಬಾರದು. ಕಲ್ಯಾಣ ಮಂಟಪಗಳಲ್ಲಿ ಖಾಲಿ ಪ್ಲಗ್ ಸಿಗುವುದು ಅಡುಗೆ ಮನೆಯ ಗೋಡೆಯಲ್ಲಿ ಮಾತ್ರ, ಪಕ್ಕದಲ್ಲೇ ರೊಟ್ಟಿ ಹಂಚು. ಅಲ್ಲಿ ಹಾಕುವುದಕ್ಕಿಂತ ವಧುವಿನ ಕೋಣೆಯವರ ಬೈಗುಳ ತಿನ್ನುವುದು ಮೇಲು. ಆಗಷ್ಟೇ ಶೂಟ್ ಮುಗಿಸಿದ ಬ್ಯಾಟರಿ ಕೈಗೆ ಬೆಚ್ಚಗೆ ತಾಗಿದರೆ ಹತ್ತು ನಿಮಿಷ ಆರಲು ಬಿಡಿ. ಚಳಿಯ ಚಿಂತೆ ನಮಗಿಲ್ಲ. ಡಿಸೆಂಬರ್ ನಸುಕಿನಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯಲ್ಲಿ ಪಟ್ಟೆ ತಲೆಯ ಹೆಬ್ಬಾತುಗಳಿಗಾಗಿ ಕಾಯುವಾಗಲೂ ನಡುಗುವುದು ನಾವು, ಬ್ಯಾಟರಿಯಲ್ಲ.

ಅಗ್ಗದ ಬ್ಯಾಟರಿಯ ಬಗ್ಗೆಯೂ ಒಂದು ಮಾತು. ಬ್ಯಾಟರಿಯ ಲೋಹದ ಪಟ್ಟಿಗಳನ್ನು ನೋಡಿ, ಕೂಡು ಮತ್ತು ಕಳೆ ಚಿಹ್ನೆಗಳ ನಡುವೆ ಬಹಳಷ್ಟು ಬ್ಯಾಟರಿಗಳಲ್ಲಿ ಇನ್ನೊಂದೆರಡು ಪಟ್ಟಿಗಳಿರುತ್ತವೆ. ಒಳಗಿನ ಶಾಖವನ್ನು ಚಾರ್ಜರಿಗೆ ತಿಳಿಸುವ ಪಟ್ಟಿ ಅವುಗಳಲ್ಲೊಂದು. ಬೇನಾಮಿ ಬ್ಯಾಟರಿಯಲ್ಲಿ ಆ ಪಟ್ಟಿಯ ಹಿಂದೆ ಏನಿದೆ, ಏನಿಲ್ಲ ಎಂಬುದು ಮಾಡಿದವನಿಗೇ ಗೊತ್ತು. ಇಡೀ ಮದುವೆಯನ್ನು ಅದರ ಮೇಲೆ ಬಿಡುವ ಧೈರ್ಯ ನನಗಿಲ್ಲ.

ಫ್ಲ್ಯಾಶಿಗೆ ಹಾಕುವ ಪೆನ್ಸಿಲ್ ಸೆಲ್‌ಗಳು ನಿಕಲ್-ಮೆಟಲ್ ಹೈಡ್ರೈಡ್, ಅವುಗಳ ಸಂಸಾರ ಬೇರೆ. ನಾಲ್ಕನ್ನೂ ಒಟ್ಟಿಗೆ ಕೊಂಡು, ಒಟ್ಟಿಗೆ ಬಳಸಿ, ಒಟ್ಟಿಗೆ ಚಾರ್ಜ್ ಮಾಡಿ. ಹೊಸದರ ಜೊತೆ ಹಳೆಯದನ್ನು ಬೆರೆಸಬೇಡಿ.

ಬ್ಯಾಟರಿಗೆ ವಯಸ್ಸಾಗಿದೆಯೇ ಎಂದು ಊಹಿಸುತ್ತ ಕೂರಬೇಕಿಲ್ಲ. ಕ್ಯಾನನ್‌ನ ಅನೇಕ ಮಾದರಿಗಳ ಮೆನುವಿನಲ್ಲಿ ಮೂರು ಹಸಿರು ಗುರುತುಗಳಿದ್ದರೆ ಗಟ್ಟಿ, ಒಂದೇ ಕೆಂಪು ಗುರುತು ಕಂಡರೆ ಹೊಸದಕ್ಕೆ ದುಡ್ಡು ಎತ್ತಿಡಿ. ನಿಕಾನ್‌ನಲ್ಲಿ ಹೊಸ ಬ್ಯಾಟರಿಯ ವಯಸ್ಸು 0, ಮುದಿಯದ್ದು 4. ಮೆನು ಏನೇ ಹೇಳಲಿ, ಕ್ಯಾಮೆರಾದಿಂದ ಜಾರಿ ಹೊರಬರಬೇಕಾದ ಬ್ಯಾಟರಿ ಬಿಗಿಯಾಗಿ ಕಚ್ಚಿಕೊಂಡರೆ ಅದು ಉಬ್ಬಿದೆ ಎಂದರ್ಥ. ಚೂಪಾದದ್ದರಿಂದ ಮೀಟಬೇಡಿ, ಮತ್ತೆ ಚಾರ್ಜಿಗೆ ಹಾಕಬೇಡಿ, ಕಸದ ಗಾಡಿಗೂ ಎಸೆಯಬೇಡಿ. ಹಳೆಯ ಬ್ಯಾಟರಿಗಳನ್ನು ಮರಳಿ ಪಡೆಯುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲೆಯೇ ಹೊರಿಸಿವೆ. ಕಂಪನಿಯ ಸೇವಾ ಕೇಂದ್ರಕ್ಕೆ ಒಯ್ದುಕೊಡಿ. ಅಲ್ಲಿಯ ತನಕ ಒಣ ಮರಳು ತುಂಬಿದ ತಗಡಿನ ಡಬ್ಬಿಯಲ್ಲಿ, ಮಕ್ಕಳ ಕೈಗೆ ಸಿಗದ ಕಡೆ ಇರಲಿ.